ಎಳ್ಳಿನ ಕಪ್ಪು, ಚಿಪ್ಪಿನ ಹೊಳಪು

ನವೆಂಬರ್ 2, ಶನಿವಾರ

ಇಂದು ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಕೊರಿಯಾದ ತೊಂಗ್ಯಂಗ್ ಬಂದರಿನ ಮೇಲಿನ ಗುಡ್ಡದ ಬೀದಿಯಲ್ಲಿರುವ ನಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ, ಮ್ಯಂಗ್‌ಹೀ ಚಿಕ್ಕಮ್ಮ ಸ್ಟೂಲಿನಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಸ್ಟೂಲು ವಾಲಿದ್ದೇಕೆ ಎಂಬುದು ತನಿಖೆಯಲ್ಲಿದೆ. ತನಿಖಾಧಿಕಾರಿ ನಾನೇ. ಆರೋಪಿಯೂ ನಾನೇ ಆದ್ದರಿಂದ ತನಿಖೆ ಕೊಂಚ ನಿಧಾನವಾದರೆ ಯಾರೂ ಆಶ್ಚರ್ಯಪಡಬಾರದು.

ಸತ್ಯಾಂಶ ಹೀಗಿದೆ. ಬೆಳಿಗ್ಗೆ ನಾನು ಆ ಸ್ಟೂಲಿನ ಒಂದು ಕಾಲಿಗೆ ಸೀಸೆಯ ಬಿರಡೆಯ ಬಿಲ್ಲೆಯೊಂದನ್ನು ಅಂಟಿಸಿದ್ದೆ. ಉದ್ದೇಶ ಸೌಮ್ಯವಾದದ್ದು. ಚಿಕ್ಕಮ್ಮ ಕಾಫಿ ಹಿಡಿದು ಕೂತಾಗ ಅತ್ತ ಇತ್ತ ವಾಲಬೇಕು, ನಾನು ಗಂಭೀರವಾಗಿ "ಭೂಕಂಪ ಚಿಕ್ಕಮ್ಮ, ಮೇಜಿನ ಕೆಳಗೆ ನುಗ್ಗು" ಎನ್ನಬೇಕು, ಅಷ್ಟೇ. ಅವಳು ಕೂರಲಿಲ್ಲ. ಮೇಲಿನ ಹಲಗೆಯ ಸಕ್ಕರೆ ಡಬ್ಬಿಗೆಂದು ಅದರ ಮೇಲೆ ಹತ್ತಿದಳು.

ಆರು ವಾರ ಪ್ಲಾಸ್ಟರ್. ಹೇಗೆ ಬಿದ್ದಿರಿ ಎಂದು ಡಾಕ್ಟರ್ ಕೇಳಿದಾಗ ಚಿಕ್ಕಮ್ಮ, "ಲೋಕವೇ ಒಂದು ಕಡೆ ವಾಲ್ದಂಗಾಯ್ತು ಡಾಕ್ಟ್ರೇ" ಎಂದಳು.

ಲೋಕ ವಾಲಿರಲಿಲ್ಲ. ಬಿರಡೆ ಆಗ ನನ್ನ ಜೇಬಿನಲ್ಲಿತ್ತು.

ನವೆಂಬರ್ 3, ಭಾನುವಾರ

ಕಾಲೇಜಿಗೆ ಒಂದು ವರ್ಷ ರಜೆ ಹಾಕಿ ಇಲ್ಲಿಗೆ ಬಂದ ಮೇಲೆ ನನ್ನ ಕರ್ತವ್ಯಗಳು ಮೂರೇ ಇದ್ದವು: ಪೆಟ್ಟಿಗೆ ಮಡಚುವುದು, ಗಿರಾಕಿಗಳತ್ತ ನಗುವುದು, ಮುರಿದ ಬಿಸ್ಕತ್ತುಗಳನ್ನು ಸಕಲ ಮರ್ಯಾದೆಯೊಂದಿಗೆ ಹೊಟ್ಟೆಗೆ ಹಾಕಿಕೊಳ್ಳುವುದು. ಇಂದಿನಿಂದ ಬಡ್ತಿ ಸಿಕ್ಕಿದೆ. ನಾನೀಗ ಚಿಕ್ಕಮ್ಮನ ಬಲಗೈ.

"ಬೊರಿಮ್, ಇಪ್ಪತ್ತಮೂರಕ್ಕೆ ನಿಮ್ಮ ತಾತನಿಗೆ ಎಂಬತ್ತು ತುಂಬುತ್ತೆ," ಎಂದಳು ಚಿಕ್ಕಮ್ಮ. "ಕೇಕು ಮಾಡ್ಲೇಬೇಕು. ನಿನ್ನ ಕೈಯಲ್ಲಿ ಮಾಡಿಸ್ತೀನಿ."

"ತಾತ ತಿನ್ನಲ್ವಲ್ಲ."

"ಅದಕ್ಕೇ ಮಾಡ್ಬೇಕು."

ಇದು ನಮ್ಮ ಮನೆಯ ಇಪ್ಪತ್ತೆರಡು ವರ್ಷ ಹಳೆಯ ಮೊಕದ್ದಮೆ. ತಾತ ಕಡಲ ಚಿಪ್ಪನ್ನು ಎಳೆ ಎಳೆಯಾಗಿ ಸೀಳಿ, ಕಪ್ಪು ಅರಗು ಬಳಿದ ಪೆಟ್ಟಿಗೆಗಳ ಮೇಲೆ ಕೂರಿಸಿ ಚಿತ್ತಾರ ಮಾಡುವವರು. ಚಿಕ್ಕಮ್ಮ ಅವರ ಮಗಳು, ಅವರ ಪಕ್ಕದಲ್ಲೇ ಆರು ವರ್ಷ ಕೂತು ಕಲಿತವಳು. ಅಷ್ಟು ಒಳ್ಳೆಯ ಕೈ ಇನ್ನೊಂದು ಬರಲಿಲ್ಲವಂತೆ. ಅಂಥ ಕೈ ಒಂದು ದಿನ ಎದ್ದು ಹೋಗಿ ಬೇಕರಿ ತೆರೆಯಿತು. ತಾತ ಹೇಳಿದ್ದು ಒಂದೇ ಮಾತು: "ಮುನ್ನೂರು ವರ್ಷ ಬಾಳೋ ಕೆಲಸ ಬಿಟ್ಟು ಎರಡು ದಿನಕ್ಕೆ ಹಳಸೋ ಕೆಲಸಕ್ಕೆ ಹೋಗ್ತೀಯಾ."

ಜಗಳವೇನೂ ಇಲ್ಲ. ಚಿಕ್ಕಮ್ಮನ ಮನೆಯಲ್ಲಿ ತಾತ ಸಾರು ಕುಡಿಯುತ್ತಾರೆ, ಮೀನು ತಿನ್ನುತ್ತಾರೆ, ಉಪ್ಪು ಹೆಚ್ಚಾಯಿತೆನ್ನುತ್ತಾರೆ. ಬೇಕರಿಯದು ಮಾತ್ರ ಒಂದು ಚೂರೂ ಬಾಯಿಗಿಟ್ಟಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ಅವಳು ಕೇಕು ಒಯ್ಯುತ್ತಾಳೆ, ಪ್ರತಿ ಸಲವೂ ಅವರು "ಹೊಟ್ಟೆ ತುಂಬಿದೆ" ಎನ್ನುತ್ತಾರೆ.

"ಈ ಸಲ ತಿನ್ಲಿಲ್ಲ ಅಂದ್ರೆ ಇನ್ನು ಒಯ್ಯಲ್ಲ," ಎಂದಳು ಚಿಕ್ಕಮ್ಮ. ಅವಳು ಹಾಗೆ ಸಪ್ಪೆಯಾಗಿ ಮಾತಾಡುವುದು ನನಗೆ ಒಗ್ಗುವುದಿಲ್ಲ. ಅವಳ ಪ್ಲಾಸ್ಟರಿನ ಮೇಲೆ ಮೀಸೆಯಿರುವ ಮೀನೊಂದನ್ನು ಬರೆದುಕೊಟ್ಟೆ.

ನವೆಂಬರ್ 5, ಮಂಗಳವಾರ

ಯೋಜನೆ ಪ್ರಕಟವಾಯಿತು. ಬಟರ್‌ಕ್ರೀಮ್ ಬಳಿದ ಕೇಕು, ಅದರ ಮೇಲೆ ಚಿಪ್ಪಿನಂತೆ ಮಿನುಗುವ ಹೊಳಪು. ತಾತನಿಗೆ ತಾತನ ಭಾಷೆಯಲ್ಲೇ ಅರ್ಜಿ.

ತಿನ್ನುವ ಹೊಳಪಿನ ಪುಡಿ ತರಲು ನನ್ನನ್ನೇ ಕಳುಹಿಸಿದಳು. ನಾನು ಕರಕುಶಲ ವಸ್ತುಗಳ ಅಂಗಡಿಯಿಂದ ತಂದೆ. ಡಬ್ಬಿ ದೊಡ್ಡದು, ಬಣ್ಣ ಬಲು ಚೆಂದ, ಮೇಲೆ "ವಿಷಕಾರಿಯಲ್ಲ" ಎಂದು ದಪ್ಪ ಅಕ್ಷರದಲ್ಲಿತ್ತು.

ಚಿಕ್ಕಮ್ಮ ಅದನ್ನು ಓದಿ ಎಡಗೈಯಿಂದ ಕಸದ ಬುಟ್ಟಿಗೆ ಹಾಕಿದಳು. "ವಿಷ ಅಲ್ಲ ಅಂದ್ಬಿಟ್ರೆ ಊಟ ಆಗೋಗುತ್ತಾ? ನನ್ನ ಚಪ್ಪಲಿನೂ ವಿಷ ಅಲ್ಲ. ಕೊಡ್ಲಾ, ತಿಂತೀಯಾ?"

"ಸಾಸ್ ಇದ್ಯಾ?"

"ತಿನ್ನೋದಕ್ಕೆ ಅಂತ ಬರೆದಿರ್ಬೇಕು. ಅದರಲ್ಲಿ ಏನೇನಿದೆ ಅಂತ ಪಟ್ಟಿ ಇರ್ಬೇಕು. ಹೋಗು."

ಮತ್ತೆ ಹೋದೆ. ಗುಡ್ಡ ಇಳಿದು, ಗುಡ್ಡ ಹತ್ತಿ. ಈ ಸಲದ ಡಬ್ಬಿ ಹೆಬ್ಬೆರಳಿನಷ್ಟಿದೆ.

ನವೆಂಬರ್ 8, ಶುಕ್ರವಾರ

ಪ್ರಯೋಗ ಒಂದು. ದೇಶದ ಇತಿಹಾಸದಲ್ಲಿ ದಾಖಲಾಗಬೇಕಾದ ಸೋಲು.

ಪುಡಿಯನ್ನು ಸಾರಾಯಿಯಲ್ಲಿ ಕಲಸಿ ಕುಂಚದಿಂದ ಬಳಿಯಬೇಕು, ಸಾರಾಯಿ ಆರಿ ಹೋಗಿ ಹೊಳಪು ಉಳಿಯುತ್ತದೆ ಎಂದು ಎಲ್ಲೋ ಓದಿದ್ದೆ. ಸಾರಾಯಿ ಎಂದ ಕೂಡಲೇ ಈ ದೇಶದ ಯಾವ ಪ್ರಜೆಯ ಕೈ ಎಲ್ಲಿಗೆ ಹೋಗುತ್ತದೋ ನನ್ನ ಕೈಯೂ ಅಲ್ಲಿಗೇ ಹೋಯಿತು: ಫ್ರಿಜ್ಜಿನ ಬಾಗಿಲಲ್ಲಿರುವ ಹಸಿರು ಸೋಜು ಬಾಟಲಿಗೆ. ಕಲಸಿದೆ. ಬಳಿದೆ. ಅದು ಬಟರ್‌ಕ್ರೀಮಿನ ಮೇಲೆ ನಿಲ್ಲಲೇ ಇಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಉರುಳಿತು. ಕೇಕು, ಅತ್ತು ಕಾಡಿಗೆ ಕದಡಿಕೊಂಡ ಮದುಮಗಳಂತೆ ಕಂಡಿತು.

ಚಿಕ್ಕಮ್ಮ ಬಾಟಲಿ ಎತ್ತಿ ನೋಡಿದಳು. "ಇದರಲ್ಲಿ ನೂರಕ್ಕೆ ಹದಿನಾರು ಸಾರಾಯಿ. ಮಿಕ್ಕಿದ್ದು?"

"ಮಿಕ್ಕಿದ್ದು... ಸಂತೋಷ?"

"ನೀರು ಕಣೆ. ಬೆಣ್ಣೆ ಮೇಲೆ ನೀರು ಕೂರುತ್ತಾ?"

ಉಳಿದ ಸೋಜುವನ್ನು ಅವಳು ವ್ಯರ್ಥ ಮಾಡಲಿಲ್ಲ. ಎಡಗೈಯಲ್ಲೂ ಅವಳಿಗೆ ಕುಡಿಯಲು ಬರುತ್ತದೆ ಎಂಬ ಅಂಶ ದಾಖಲಾಗಲಿ.

ನವೆಂಬರ್ 9, ಶನಿವಾರ

ತಪ್ಪೊಪ್ಪಿಗೆಗೆ ಇಂದು ದಿನ ಚೆನ್ನಾಗಿರಲಿಲ್ಲ. ಮೋಡ ಕವಿದಿತ್ತು.

ನವೆಂಬರ್ 12, ಮಂಗಳವಾರ

ಪ್ರಯೋಗ ಎರಡು. ಬಟ್ಟಿಯಿಳಿಸಿದ ಹಳೇ ಕಾಲದ ಸೋಜು ತಂದೆ, ನೂರಕ್ಕೆ ನಲವತ್ತೈದು. ಅಂಗಡಿಯಾತ "ಯಾರಿಗಮ್ಮಾ ಇಷ್ಟು ಖಡಕ್ಕು?" ಎಂದ. "ಕೇಕಿಗೆ" ಎಂದೆ. ನನ್ನನ್ನು ಮರುಕದಿಂದ ನೋಡಿದ.

ಇದು ನಿಂತಿತು. ಬಳಿದ ಕ್ಷಣದಲ್ಲೇ ಆರಿತು. ಒಂದು ಅಡಚಣೆ ಮಾತ್ರ: ಫ್ರಿಜ್ಜಿನಿಂದ ತೆಗೆದ ಕೇಕು ಬೆಚ್ಚಗಿನ ಕೋಣೆಯಲ್ಲಿ ಬೆವರುತ್ತದೆ, ಬೆವರಿದರೆ ಹೊಳಪು ಕದಡುತ್ತದೆ. ಆದ್ದರಿಂದ ಹೀಟರ್ ಆರಿಸಿ, ಕಿಟಕಿ ತೆರೆದು, ಕೋಟು ಟೋಪಿ ತೊಟ್ಟು ಕೆಲಸ ಮಾಡಿದೆ. ಬಂದರಿನ ಗಾಳಿ ನೇರ ಒಳಗೆ ಬರುತ್ತಿತ್ತು. ಬೆಣ್ಣೆ ಗಟ್ಟಿಯಾಗಿತ್ತು, ನನ್ನ ಮೂಗು ಅದಕ್ಕಿಂತ ಗಟ್ಟಿಯಾಗಿತ್ತು.

ಮೇಲೆ, ಸುತ್ತ, ಒಂದು ಬೆರಳಗಲ ಬಿಡದೆ ಬಳಿದೆ. ಬೆಳಗಿದ ಸ್ಟೀಲ್ ಡಬ್ಬಿಯಂತಾಯಿತು. ಒಬ್ಬ ಗಿರಾಕಿ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡ.

"ಹೊಳೀತಿದೆ," ಎಂದೆ.

"ಹೊಳೀತಿದೆ," ಎಂದಳು ಚಿಕ್ಕಮ್ಮ. ಅವಳ ದನಿಯಲ್ಲಿ ಹೊಳಪಿರಲಿಲ್ಲ.

ನವೆಂಬರ್ 13, ಬುಧವಾರ

ಬೇಹುಗಾರಿಕೆಗೆ ತಾತನ ಕೆಲಸದ ಕೋಣೆಗೆ ಹೋದೆ. ಎಂಬತ್ತಾಗುತ್ತ ಬಂದರೂ ಬೆಳಿಗ್ಗೆ ಎಂಟಕ್ಕೆ ಅಲ್ಲಿ ಕೂರುತ್ತಾರೆ. ಮುಂದೆ ಒಂದು ಪುಟ್ಟ ಪೆಟ್ಟಿಗೆ, ಕೈಯಲ್ಲಿ ಚಾಕು.

"ಕಾಲೇಜಿನ ಸಂಶೋಧನೆ ತಾತ. ಚಿಪ್ಪಿನ ಹೊಳಪಿನ ಬಗ್ಗೆ."

"ಕಾಲೇಜಿಗೆ ರಜೆ ಹಾಕಿದೀಯ, ಸಂಶೋಧನೆಗೆ ಹಾಕಿಲ್ವಾ?" ಎಂದರು ತಲೆ ಎತ್ತದೆ. "ಕೂತ್ಕೋ. ಬೆಳಕಿಗೆ ಅಡ್ಡ ಕೂರ್ಬೇಡ."

ಅವರು ನೂಲಿನಷ್ಟು ಸಣ್ಣ ಚಿಪ್ಪಿನ ಎಳೆಯನ್ನು ಇಟ್ಟು, ಅಳತೆಗೆ ತುಂಡರಿಸಿ, ಅದರ ತುದಿಗೆ ಇನ್ನೊಂದನ್ನು ಓರೆಯಾಗಿ ಸೇರಿಸುತ್ತಿದ್ದರು. ಆರು ಎಳೆ ಸೇರಿದರೆ ಒಂದು ಮನೆ, ಆಮೆಯ ಬೆನ್ನಿನ ಮೇಲಿರುತ್ತದಲ್ಲ ಹಾಗೆ. ದೀರ್ಘಾಯುಸ್ಸಿನ ಚಿತ್ತಾರ. ಒಂದು ಗಂಟೆಗೆ ನಾಲ್ಕು ಮನೆ ಕಟ್ಟಿದರು. ನಾನು ಒಂದು ಗಂಟೆ ಸುಮ್ಮನೆ ಕೂತಿದ್ದೆ. ನನಗೆ ಜ್ವರವಿರಲಿಲ್ಲ, ಮುಟ್ಟಿ ನೋಡಿಕೊಂಡೆ.

"ಪೆಟ್ಟಿಗೆ ಪೂರ್ತಿ ಚಿಪ್ಪೇ ಅಂಟಿಸಿದ್ರೆ ಇನ್ನೂ ಹೊಳೆಯಲ್ವಾ ತಾತ?"

"ಅದು ಪೆಟ್ಟಿಗೆಯಾಗಲ್ಲ. ಸಿಂಪಿ ಬಿಡಿಸೋ ಶೆಡ್ಡಿನ ಹಿತ್ತಲಾಗುತ್ತೆ." ಪೆಟ್ಟಿಗೆಯನ್ನು ಕಿಟಕಿಯತ್ತ ಓರೆ ಮಾಡಿದರು. ಒಂದು ಎಳೆ ಹಸಿರಾಗಿ, ಪಕ್ಕದ್ದು ಗುಲಾಬಿಯಾಗಿ, ಬೆಳಕು ಮನೆಯಿಂದ ಮನೆಗೆ ನಡೆದುಹೋಯಿತು. "ಎಲ್ಲಾ ಒಂದೇ ದಿಕ್ಕಿಗೆ ಮಲಗಿದ್ರೆ ಬೆಳಕು ನಿಂತಲ್ಲೇ ನಿಲ್ಲುತ್ತೆ. ಓರೆ ಬದಲಾಗ್ಬೇಕು. ಸುತ್ತ ಕಪ್ಪಿರ್ಬೇಕು. ಸಂಶೋಧನೆ ಆಯ್ತಾ?"

"ಆಯ್ತು ತಾತ."

"ನಿಮ್ಮ ಚಿಕ್ಕಮ್ಮನ ಕೈ ಹೇಗಿದೆ?"

"ಆರು ವಾರ."

ಅವರು ಚಾಕುವನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು. "ಒಳ್ಳೇ ಕೈ," ಎಂದರು. ಇದನ್ನು ಚಿಕ್ಕಮ್ಮನಿಗೆ ಹೇಳಬೇಕೆಂದು ಗುಡ್ಡ ಹತ್ತುವಾಗ ಓಡಿದೆ.

ನವೆಂಬರ್ 16, ಶನಿವಾರ

ಕಪ್ಪು ಸಿಕ್ಕಿತು. ಕಪ್ಪೆಳ್ಳು ಹುರಿದು, ಎಣ್ಣೆ ಬಿಡುವವರೆಗೆ ಅರೆದು, ಕೋಕೋ ಸೇರಿಸಿ ಬಟರ್‌ಕ್ರೀಮಿಗೆ ಕಲಸಿದೆವು. ಮೊದಲು ಬೂದಿ ಬಣ್ಣವಿತ್ತು. ಒಂದು ರಾತ್ರಿ ಕಳೆದ ಮೇಲೆ ಅರಗಿನ ಹತ್ತಿರ ಬಂತು. ರುಚಿ ಹೇಗಿದೆಯೆಂದು ಪರೀಕ್ಷಿಸಲು ನಾನು ಏಳು ಚಮಚ ತಿಂದೆ. ವಿಜ್ಞಾನಕ್ಕಾಗಿ.

ಎಳೆಗಳ ವಿಧಾನ: ಬಿಳಿ ಬಟರ್‌ಕ್ರೀಮನ್ನು ಕಾಗದದ ಮೇಲೆ ತೆಳ್ಳಗೆ ಹರಡಿ, ಕಲ್ಲಿನಂತೆ ಹೆಪ್ಪುಗಟ್ಟಿಸಿ, ಚಾಕುವಿನಿಂದ ಎಳೆ ಸೀಳಬೇಕು. ಖಡಕ್ ಸೋಜುವಿನಲ್ಲಿ ಕಲಸಿದ ಹೊಳಪನ್ನು ಒಂದೇ ದಿಕ್ಕಿನಲ್ಲಿ ಎಳೆದು ಬಳಿಯಬೇಕು. ಆಮೇಲೆ ಚಿಮಟದಿಂದ ಎತ್ತಿ, ಕರಗುವ ಮೊದಲು ಕಪ್ಪಿನ ಮೇಲೆ ಕೂರಿಸಬೇಕು. ಒಂದು ಎಳೆಗೆ ಸಿಗುವ ಸಮಯ, ನಾನು ಎಣಿಸಿದ ಪ್ರಕಾರ, ಒಂಬತ್ತು ಉಸಿರು.

ಇಂದು ಮೂವತ್ತು ಎಳೆ ಮುರಿದೆ, ಒಂದು ಮನೆ ಕಟ್ಟಿದೆ. ಕಟ್ಟಿದ ಮನೆ ಆಮೆಯ ಬೆನ್ನಿನಂತಿರಲಿಲ್ಲ, ಆಮೆಗೆ ಲಾರಿ ಗುದ್ದಿದಂತಿತ್ತು.

"ಮೊದಲ ವರ್ಷ ನಂದೂ ಹಿಂಗೇ ಇತ್ತು," ಎಂದಳು ಚಿಕ್ಕಮ್ಮ.

"ನಮಗಿರೋದು ಒಂದು ವಾರ."

"ಹಾಗಾದ್ರೆ ಬಾಯಿ ಮುಚ್ಕೊಂಡು ಎರಡನೇ ಮನೆ ಕಟ್ಟು."

ನವೆಂಬರ್ 18, ಸೋಮವಾರ

ಇಂದು ಬೆಳಿಗ್ಗೆ ಚಿಕ್ಕಮ್ಮ ಗಲ್ಲಾದ ಪಕ್ಕ ಕೂತು, ತೀರಾ ಸಹಜವಾಗಿ, "ಈ ಹಬ್ಬ ಮುಗೀಲಿ, ಅಂಗಡಿ ಕೊಟ್ಟುಬಿಡ್ತೀನಿ" ಎಂದಳು.

ನಾನು ಚಿಮಟ ಕೆಳಗಿಟ್ಟೆ.

"ವಯಸ್ಸಾಯ್ತು ಕಣೆ. ಸುಮ್ನೆ ನಿಂತಿದ್ದಾಗ ತಲೆ ಸುತ್ತಿ ಬಿದ್ದೆ. ನಾಳೆ ಕಾದ ಓವನ್ ಮುಂದೆ ಹಂಗಾದ್ರೆ? ಎರಡು ವಾರದಿಂದ ಮೆಟ್ಟಿಲಿಳಿಯೋಕೂ ಗೋಡೆ ಹಿಡ್ಕೋತಿದೀನಿ. ನೀನು ನೋಡಿಲ್ಲ."

ನಾನು ನೋಡಿದ್ದೆ. ಈ ದಿನಚರಿಯಲ್ಲಿ ಬರೆದಿರಲಿಲ್ಲ, ಅಷ್ಟೇ.

ತನಿಖೆಯನ್ನು ಅಲ್ಲೇ ಮುಕ್ತಾಯಗೊಳಿಸಿದೆ. ಬಿರಡೆಯ ಬಿಲ್ಲೆ ತಂದು ಅವಳ ಮುಂದಿಟ್ಟು, ಎಲ್ಲವನ್ನೂ ಹೇಳಿದೆ. ಭೂಕಂಪ, ಕಾಫಿ, ಜೇಬು, ಯಾವುದನ್ನೂ ಬಿಡಲಿಲ್ಲ. ಗಂಭೀರ ಮುಖ ಮಾಡಲು ಇಂದು ಪ್ರಯತ್ನ ಬೇಕಾಗಲಿಲ್ಲ.

ಚಿಕ್ಕಮ್ಮ ಬಿಲ್ಲೆಯನ್ನು ನೋಡಿದಳು. ಸ್ಟೂಲನ್ನು ನೋಡಿದಳು. ಆಮೇಲೆ ಲಟ್ಟಣಿಗೆ ಎತ್ತಿಕೊಂಡಳು. ಎಡಗೈಯ ಹೊಡೆತಕ್ಕೆ ಗುರಿಯಿರುವುದಿಲ್ಲ. ಮೂರು ಏಟು ಹಿಟ್ಟಿನ ಚೀಲಕ್ಕೆ ಬಿತ್ತು, ಒಂದು ನನಗೆ.

"ಕತ್ತೆ. ಹಂದಿ. ಇಪ್ಪತ್ತು ವರ್ಷದ ಕತ್ತೆ. ನನ್ನ ಕೈ ಮುರಿದು, ಮೀನು ಬರೆದುಕೊಡ್ತೀಯಾ ಅದರ ಮೇಲೆ?"

"ತಪ್ಪಾಯ್ತು ಚಿಕ್ಕಮ್ಮ."

"ಮೀಸೆ ಬೇರೆ."

ಆಮೇಲೆ ಅವಳು ಏದುಸಿರು ಬಿಡುತ್ತ ನಿಂತಳು. ಮುಖದಲ್ಲಿ ಏನೋ ಬದಲಾಯಿತು. "ಹಾಗಾದ್ರೆ ನನಗೆ ತಲೆಸುತ್ತು ಬಂದಿದ್ದಲ್ಲ?"

"ಅಲ್ಲ."

"ಸ್ಟೂಲೇ ವಾಲಿದ್ದು?"

"ಸ್ಟೂಲೇ."

ಅವಳು ಕೋಣೆಯ ನಡುವೆ ಹೋಗಿ ಒಂಟಿ ಕಾಲಲ್ಲಿ ನಿಂತಳು. ಐವತ್ತನಾಲ್ಕು ವರ್ಷದ ಹೆಂಗಸು, ಏಪ್ರನ್ ತೊಟ್ಟು, ಮೀಸೆಯ ಮೀನನ್ನು ಎದೆಗವಚಿಕೊಂಡು, ಕೊಕ್ಕರೆಯಂತೆ. ಇಪ್ಪತ್ತರವರೆಗೆ ಎಣಿಸಿದಳು, ಅಲುಗಲಿಲ್ಲ. ಇನ್ನೊಂದು ಕಾಲಲ್ಲೂ ಎಣಿಸಿದಳು. ಮಧ್ಯಾಹ್ನ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವ ಸದ್ದು ಕೇಳಿತು. ಅಂಗಡಿ ಕೊಡುವ ಮಾತು ಮತ್ತೆ ಬರಲಿಲ್ಲ. ನನ್ನ ಜೊತೆಗೂ ಸಂಜೆಯವರೆಗೆ ಮಾತು ಬರಲಿಲ್ಲ. ಸಂಜೆ ಬಂದದ್ದು ಇಷ್ಟು:

"ಮೂರನೇ ಮನೆಯ ಓರೆ ತಪ್ಪಿದೆ. ಕಿತ್ತು ಹಾಕು."

ಕಿತ್ತು ಹಾಕಿದೆ. ಬಹಳ ಸಂತೋಷದಿಂದ.

ನವೆಂಬರ್ 20, ಬುಧವಾರ

ಹನ್ನೊಂದು ಮನೆ. ಬೆರಳುಗಳು ನನ್ನವೆಂದು ಅನ್ನಿಸುತ್ತಿಲ್ಲ.

ನವೆಂಬರ್ 22, ಶುಕ್ರವಾರ

ಮುಗಿಯಿತು. ಕಪ್ಪು ಕೇಕಿನ ಮೇಲೆ ಒಂದು ಅಂಚಿನಿಂದ ನಡುವಿನವರೆಗೆ ಮಾತ್ರ ಆಮೆ ಬೆನ್ನಿನ ಜಾಲ, ಇಪ್ಪತ್ತೊಂದು ಮನೆ. ಉಳಿದದ್ದು ಬರೀ ಕಪ್ಪು. ಅಲ್ಲಿ ಇನ್ನೆರಡು ಮನೆ ಹಾಕಲು ಕೈ ತುರಿಸಿತು. ಚಿಕ್ಕಮ್ಮ "ಸಾಕು" ಎನ್ನುವ ಮೊದಲೇ ನಾನೇ "ಸಾಕು" ಎಂದೆ. ಅವಳು ನನ್ನನ್ನು ಓರೆಗಣ್ಣಲ್ಲಿ ನೋಡಿದಳು.

ತಟ್ಟೆಯನ್ನು ಕಿಟಕಿಯತ್ತ ಓರೆ ಮಾಡಿದೆವು. ಬೆಳಕು ನಡೆಯಿತು.

ಇಷ್ಟು ಹೊತ್ತಿಗೆ ನನ್ನಲ್ಲಿ ಒಂದು ಕುಚೇಷ್ಟೆ ಸಿದ್ಧವಿರಬೇಕಿತ್ತು. ಎಂಬತ್ತರ ಹಬ್ಬಕ್ಕೆ ನೆಂಟರೆಲ್ಲ ಬರುತ್ತಾರೆ, ಇಂಥ ಅವಕಾಶ ಮತ್ತೆ ಸಿಗದು. ಯೋಚಿಸಲು ಮರೆತೇಹೋಯಿತು. ದಣಿವು ಇರಬೇಕು.

ನವೆಂಬರ್ 23, ಶನಿವಾರ

ಘಟನೆಗಳನ್ನು ಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೆ ಕೇಕಿನ ಪೆಟ್ಟಿಗೆಯನ್ನು ತಾತನ ಮನೆಯ ಬಾಗಿಲಲ್ಲಿ ನನ್ನ ಅಮ್ಮನ ಕೈಗೆ ಕೊಟ್ಟು, ನಾನು ಮತ್ತು ಚಿಕ್ಕಮ್ಮ ಅಡುಗೆಮನೆಗೆ ಹೋದೆವು. ಹುಟ್ಟುಹಬ್ಬಕ್ಕೆಂದು ಮಾಡುವ ಕಡಲ ಪಾಚಿಯ ಸಾರು ಕುದಿಯುತ್ತಿತ್ತು, ಬಡಿಸಲು ಜನ ಬೇಕಿತ್ತು. ಇಪ್ಪತ್ತು ನಿಮಿಷ ಕಳೆದ ಮೇಲೆ ನಾನು ಅಮ್ಮನನ್ನು ಕೇಳಿದೆ, ಕೇಕು ಎಲ್ಲಿ ಎಂದು.

"ಒಳ್ಳೇ ಜಾಗದಲ್ಲೇ ಇಟ್ಟಿದೀನಿ," ಎಂದಳು ಅಮ್ಮ ಹೆಮ್ಮೆಯಿಂದ. "ತಾತನ ಕೋಣೆ. ತಾತ ಕೂರೋ ಜಾಗದಲ್ಲೇ."

ನಮ್ಮ ಕಡೆ ಮನೆಯ ನೆಲದಡಿ ಬಿಸಿ ಹರಿಯುತ್ತದೆ. ಎಲ್ಲಕ್ಕಿಂತ ಬೆಚ್ಚಗಿನ ಮೂಲೆ ಮನೆಯ ಹಿರಿಯರದು. ಮಾನ್ಯ ಅತಿಥಿ ಬಂದರೆ ಅಲ್ಲಿ ಕೂರಿಸುವುದು ಮರ್ಯಾದೆ. ಅಮ್ಮ ಬೆಣ್ಣೆಯ ಕೇಕಿಗೆ ಅದೇ ಮರ್ಯಾದೆ ಮಾಡಿದ್ದಳು.

ನಾನು ಓಡಿದ ವೇಗಕ್ಕೆ ಸಾಕ್ಷಿಗಳಿದ್ದಾರೆ. ಪೆಟ್ಟಿಗೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಸೋಯಾ ಸಾಸಿನ ಜಾಡಿಗಳ ಕಟ್ಟೆಯ ಮೇಲೆ, ಗಾಳಿಗೆ ಮುಖ ಮಾಡಿ ಇಟ್ಟೆ. ಮುಚ್ಚಳ ತೆಗೆದೆ. ಕೇಕಿನ ಬುಡ ಮೆತ್ತಗಾಗಿ ಒಂದು ಬದಿಗೆ ಕುಸಿದಿತ್ತು. ಅಂಚಿನ ಮನೆಗಳಲ್ಲಿ ನಾಲ್ಕು ಎಳೆ ಜಾರಿ, ಅದರಲ್ಲೊಂದು ಪೂರ್ತಿ ಅಡ್ಡವಾಗಿತ್ತು. ಹೊಸ ಎಳೆ ಬೇಕರಿಯಲ್ಲಿತ್ತು, ಬೇಕರಿ ಗುಡ್ಡದ ಮೇಲಿತ್ತು. ಒಳಗೆ ತಾತನನ್ನು ಆಗಲೇ ಮೇಜಿನ ಮುಂದೆ ಕೂರಿಸುತ್ತಿದ್ದರು.

ಚಿಕ್ಕಮ್ಮ ಬಂದು ನೋಡಿದಳು.

"ಒಯ್ಯೋದು ಬೇಡ್ವಾ?" ಎಂದೆ.

"ಅರ್ಧ ಗಂಟೆ ಗಾಳಿಗಿರ್ಲಿ. ಗಟ್ಟಿಯಾಗ್ಲಿ. ಒಯ್ಯೋಣ," ಎಂದಳು. "ತಿನ್ನದಿದ್ರೂ ನೋಡ್ಲಿ."

ಅರ್ಧ ಗಂಟೆ ನಾನು ಆ ಜಾಡಿಗಳ ನಡುವೆ ನಿಂತು ಕೇಕಿಗೆ ಬಿಸಿಲು ಬೀಳದಂತೆ ಕೋಟು ಹಿಡಿದಿದ್ದೆ.

ಮೇಜಿನ ಮೇಲೆ ಹಣ್ಣಿನ ಗೋಪುರ, ಅಕ್ಕಿ ಕಡುಬಿನ ಗೋಪುರ. ಮಧ್ಯೆ ನಮ್ಮ ಕೇಕು. ಮಾತಾಡುತ್ತಿದ್ದ ನೆಂಟರು ಕತ್ತು ಚಾಚಿದರು. ತಾತ ಕನ್ನಡಕ ಕೇಳಿದರು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯತ್ತ ಓರೆ ಮಾಡಿದರು, ಇನ್ನೊಂದು ಕಡೆಗೆ ಓರೆ ಮಾಡಿದರು. ಸಾರು ತಣ್ಣಗಾಗುತ್ತಿತ್ತು.

"ಯಾರ ಕೈ?"

"ಅಕ್ಕನ ಮಗಳದು," ಎಂದಳು ಚಿಕ್ಕಮ್ಮ. "ಹೇಳಿಕೊಟ್ಟಿದ್ದು ನಾನು."

"ಈ ಎಳೆ ಅಡ್ಡವಾಗಿದೆ," ಎಂದರು ತಾತ.

ಚಿಕ್ಕಮ್ಮನ ಮುಖ ಬಾಡಿತು. ಅಮ್ಮ ನೆಲದ ಬಿಸಿಯ ವಿಷಯ ಹೇಳಲು ಬಾಯಿ ತೆರೆದಳು, ನಾನು ಅವಳ ಕಾಲು ತುಳಿದೆ. ತಾತ ಚಾಪ್‌ಸ್ಟಿಕ್ ತೆಗೆದುಕೊಂಡು ಆ ಎಳೆಯನ್ನು ಅದರಡಿಯ ಕಪ್ಪಿನ ಸಮೇತ ಮೆಲ್ಲಗೆ ಎತ್ತಿದರು. ಎತ್ತಿದ್ದನ್ನು ಇಡಲು ಆಚೀಚೆ ನೋಡಿದರು. ಎಲ್ಲರ ತಟ್ಟೆಯೂ ತುಂಬಿತ್ತು. ಬಾಯಿಗಿಟ್ಟರು.

ತಾತ ನಿಧಾನವಾಗಿ ಅಗಿದರು.

"ಎಳ್ಳು," ಎಂದರು. ಆಮೇಲೆ, "ಇಲ್ಲೂ ಒಂದು ಜಾರಿದೆ."

ಅದನ್ನೂ ಎತ್ತಿದರು. ಅದೂ ಹೋಯಿತು. ಮೂರನೆಯದು, ನಾಲ್ಕನೆಯದು. ಪ್ರತಿ ಸಲವೂ ಮೊದಲು ತಪ್ಪೇನೆಂದು ಹೇಳಿ, ಆಮೇಲೆ ತಿಂದರು. ನಾನು ಎಣಿಸುತ್ತಿದ್ದೆ. ನಾಲ್ಕಕ್ಕೆ ಮುಗಿಯಬೇಕಿತ್ತು.

"ಇದರ ಓರೆಯೂ ಸರಿಯಿಲ್ಲ," ಎಂದು ಐದನೆಯದಕ್ಕೆ ಚಾಪ್‌ಸ್ಟಿಕ್ ಹಾಕಿದರು.

ಅದು ನಡುವಿನ ಮನೆ. ಏಳು ಸಲ ಕಿತ್ತು ಏಳು ಸಲ ಕೂರಿಸಿದ ಎಳೆ ಅದು, ಅದರಲ್ಲಿ ಕೂದಲಿನಷ್ಟೂ ತಪ್ಪಿರಲಿಲ್ಲ. ತಾತನ ಮುಖ ನೋಡಿದೆ. ಮುಖ ಬಲು ಗಂಭೀರವಾಗಿತ್ತು. ಅಂಥ ಗಾಂಭೀರ್ಯದ ಒಳಗೆ ಏನಿರುತ್ತದೆಂದು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಚಿಕ್ಕಮ್ಮನಿಗೂ ಆ ಎಳೆ ಗೊತ್ತು. ಅವಳು ಮೂಗು ಒರೆಸಿಕೊಂಡು, ತಟ್ಟೆಯನ್ನು ಎಡಗೈಯಲ್ಲಿ ತಾತನ ಹತ್ತಿರಕ್ಕೆ ತಳ್ಳಿದಳು.

"ಅಪ್ಪ, ಈ ಕಡೆಯೆಲ್ಲ ಬರೀ ತಪ್ಪೇ ಇದೆ ನೋಡಿ."

"ಎಲ್ಲಿ," ಎಂದರು ತಾತ, ಕನ್ನಡಕ ಏರಿಸುತ್ತ. "ತೋರಿಸು."